ನಿನ್ನ ಮಗಳು, ಮುಳ್ಳುಹಂದಿ ಮತ್ತು ನಾನು

ಅಕ್ಕಾ,

ನೀನು ಓದಲಾರೆ, ಆದರೂ ಇದನ್ನು ಮೊದಲು ನಿನಗೇ ಹೇಳಬೇಕು. ನೀನು ತೀರಿಹೋದ ಮೇಲೆ ನೆರಳಿಗೂ ಬೆಚ್ಚುತ್ತಿದ್ದ ನಿನ್ನ ಮಗಳು ಇವತ್ತು ಏನು ಮಾಡಿದಳು ಗೊತ್ತೇ? ಸಂಜೆ ನಾವಿಬ್ಬರೂ ನಾಯಿಯ ಜೊತೆ ಗುಡ್ಡ ಇಳಿಯುತ್ತಿದ್ದಾಗ ಪೊದೆಯಿಂದ ಮುಳ್ಳುಹಂದಿಯೊಂದು ಮರಿಯೊಡನೆ ಹೊರಬಂತು. ನಾಯಿ ಬೊಗಳಿತು. ಅದು ಮುಳ್ಳೆಲ್ಲ ಕೆದರಿ, ಬೆನ್ನು ತಿರುಗಿಸಿ, ಹಿಂದುಹಿಂದಕ್ಕೇ ನಮ್ಮತ್ತ ನುಗ್ಗಿತು. ನನ್ನ ಕೈಯಿಂದ ನಾಯಿಯ ಹಗ್ಗ ಜಾರಿಹೋಯಿತು. ಅವಳು ಹಾರಿ ನಾಯಿಯನ್ನು ಅವುಚಿಕೊಂಡಳು.

"ಅಮ್ಮಾ, ಓಡ್ಬೇಡ! ಮೆಲ್ಲಗೆ ಹಿಂದೆ ಸರಿ. ಅದರ ಮರಿ ಜೊತೇಲಿದೆ, ದಾರಿ ಬಿಡೋಣ."

ದಾರಿ ಬಿಟ್ಟೆವು. ತಾಯಿ ಮುಳ್ಳು ಇಳಿಸಿ ಮರಿಯೊಂದಿಗೆ ಹೊರಟುಹೋಯಿತು.

ಹೆಮ್ಮೆಯಿಂದ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ದಿನವೂ ಚಿಕ್ಕಮ್ಮ ಅನ್ನುವವಳು ಆ ಹೊತ್ತಿನಲ್ಲಿ ನನ್ನನ್ನು ಅಮ್ಮಾ ಅಂದಳು. ನಾನು ತಿದ್ದಲಿಲ್ಲ, ಅಕ್ಕಾ.