ಯಡ್ರಾವದ ಅತ್ತೆಗೆ ಹೇಳಿದ ಕಾಯ್ದೆ

ಕೊಲ್ಹಾಪುರ, ೧೯೩೮

ಪೂಜ್ಯ ಗುರುಗಳಿಗೆ ಕಾಂಚನಳ ನಮಸ್ಕಾರ.

ಇಂದು ಬೆಳಿಗ್ಗೆ ನಿಮ್ಮ ಪ್ರಬಂಧಕ್ಕೆ ತೀರ್ಪುಗಳನ್ನು ನಕಲು ಮಾಡುವಾಗ, ವಿಧವೆಯರ ಆಸ್ತಿಹಕ್ಕಿನ ಹೊಸ ಕಾಯ್ದೆಯ ಮೊದಲ ಪುಟದಲ್ಲಿ ಒಂದು ಸಾಲು ಕಂಡಿತು. ಅದು ಬ್ರಿಟಿಷರು ನೇರವಾಗಿ ಆಳುವ ಮುಲುಕಿಗೆ ಮಾತ್ರ, ನಮ್ಮ ಕೊಲ್ಹಾಪುರ ಸಂಸ್ಥಾನಕ್ಕಲ್ಲ.

ಕಳೆದ ತಿಂಗಳು ಬೆಳಗಾವಿಯ ಪತ್ರಿಕೆಯಲ್ಲಿ ಆ ಕಾಯ್ದೆ ಬಂದ ಸುದ್ದಿ ಓದಿ, ನಮ್ಮ ಸಂಸ್ಥಾನದ್ದೇ ಹಳ್ಳಿಯಾದ ಯಡ್ರಾವದ ನನ್ನ ವಿಧವೆ ಸೋದರತ್ತೆಗೆ ಸಂಭ್ರಮದಿಂದ ಹೇಳಿದ್ದೆ. ಅವರು ಮೈದುನನ ಮುಂದೆ ನಿಂತು, "ನಿನ್ನ ಪೋಟಗಿ ಜ್ವಾಳ ನೀನ ಉಣ್ಣು, ನನ್ನ ಪಾಲು ಕೊಡು. ನಮ್ಮ ಕಾಂಚನ ಬಿ.ಎ. ಕಲ್ತಾಳ, ಸುಳ್ಳ ಹೇಳ್ತಾಳೇನು?" ಎಂದರಂತೆ. ಅವನು ಹೊಟ್ಟೆಪಾಡಿಗೆಂದು ಕೊಡುತ್ತಿದ್ದ ಆ ಜೋಳವನ್ನೂ ನಿಲ್ಲಿಸಿ, ಅವರನ್ನು ಮನೆಯಿಂದಲೇ ಹೊರಹಾಕಿದ್ದಾನೆ. ಅತ್ತೆ ಬಸದಿಯ ಪಡಸಾಲೆಯಲ್ಲಿ ಮಲಗುತ್ತ ಇನ್ನೂ ಕಾಯ್ದೆಯನ್ನೇ ನಂಬಿಕೊಂಡಿದ್ದಾರೆ.

ದಯವಿಟ್ಟು ಶನಿವಾರ ರಜೆ ಕೊಡಬೇಕು. ಉಳಿದ ನಕಲನ್ನು ಸೋಮವಾರ ಮುಗಿಸುತ್ತೇನೆ. ನನ್ನ ಕೋಣೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಮಾಡಿದ್ದೇನೆ. ತಪ್ಪು ನನ್ನದೆಂದು ಅತ್ತೆಗೆ ನಾನೇ ಹೇಳಿ, ಅವರನ್ನು ಕರೆದುಕೊಂಡೇ ಬರುತ್ತೇನೆ.

ನಿಮ್ಮ ವಿಧೇಯಳು,
ಕಾಂಚನ