ದಕ್ಷಿಣದ ಪಡಸಾಲೆಯ ಸರಾಸರಿ

ವೈಶಾಖ ನಲವತ್ತೊಂದು, ಎರಡು ಸಾವಿರದ ನೂರ ಎಂಬತ್ತೇಳು

ಈಗ ಲೆಕ್ಕಶಾಸ್ತ್ರ ಓದುತ್ತಿರುವ ಮಕ್ಕಳಿಗೆ,

ಒಂದು ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಲ್ಲಿ ಬಿಸಿಲು ಇಳಿಯುವವರೆಗೆ ವೈಶಾಖ ಮುಗಿಯುವುದಿಲ್ಲ; ಹಾಗೆಂದು ನನ್ನ ಅಜ್ಜನ ಕಾಲದಲ್ಲೇ ಪಂಚಾಂಗ ಬದಲಾಯಿಸಿದರು. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಒಂದೂವರೆ ಶತಮಾನಕ್ಕೂ ಹಿಂದಿನ ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಪಠ್ಯಪುಸ್ತಕಗಳನ್ನು ಓದಿ ಕಲಿತವಳು. ನನ್ನ ಹೆಸರು ನೀಲಗಂಗಾ. ಕಾಗಿಣಾ ನದಿಯ ದಂಡೆಯ ಒಂದು ಊರಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ.

ನಮ್ಮ ಊರಿನ ಹಳೆಯ ಕಲ್ಲುಗಣಿಗಳಿಗೆ ಈಗ ಮೇಲೆ ಚಾವಣಿ ಹಾಕಿದ್ದಾರೆ. ವೈಶಾಖ ಬಂದರೆ ಊರಿಗೆ ಊರೇ ಹಾಸಿಗೆ, ಒಲೆ, ನೀರಿನ ಕೊಡಗಳ ಸಮೇತ ಅಲ್ಲಿಗೆ ಇಳಿಯುತ್ತದೆ. ಅದನ್ನು ತಂಪುಮನೆ ಎನ್ನುತ್ತೇವೆ. ಒಳಗೆ ಎರಡು ದೊಡ್ಡ ಪಡಸಾಲೆಗಳು, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಬೆಳಗಿನ ಹೊತ್ತು ಹೆಂಗಸರು ರೊಟ್ಟಿ ಬಡಿಯುವ ಸದ್ದು ಕಲ್ಲಿನ ಗೋಡೆಗಳಿಗೆ ತಾಗಿ ಎರಡು ಸಲ ಕೇಳುತ್ತದೆ. ಮಧ್ಯಾಹ್ನ ಬಾಗಿಲು ಮುಚ್ಚುತ್ತಾರೆ. ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಆ ಅವಧಿಗೆ ಮುಚ್ಚುಹೊತ್ತು ಎಂದು ಹೆಸರು. ನೀವು ದುಡ್ಡಿನ ಲೆಕ್ಕ ಬರೆಯುತ್ತೀರಿ. ನಾವು ಮುಖ್ಯವಾಗಿ ತಂಪಿನ ಲೆಕ್ಕ ಬರೆಯುತ್ತೇವೆ. ಎಷ್ಟು ತಂಪು ಮಂಜೂರಾಯಿತು, ಎಷ್ಟು ತಲುಪಿತು, ಎರಡರ ನಡುವಿನ ಅಂತರ ಎಷ್ಟು. ನಿಮ್ಮ ವೆಚ್ಚಲೆಕ್ಕದ ತರಗತಿಯಲ್ಲಿ ಆ ಅಂತರವನ್ನು ವೇರಿಯನ್ಸ್ ಎನ್ನುತ್ತಾರೆ. ನಾವೂ ಹಾಗೆಯೇ ಎನ್ನುತ್ತೇವೆ.

ನನ್ನ ಅಪ್ಪ ರೇವಣಸಿದ್ದಪ್ಪ ತಂಪುಮನೆಯ ಮುಖ್ಯ ಲೆಕ್ಕಿಗರಾಗಿದ್ದರು. ನೇರ ಮನುಷ್ಯ. ಸರದಿಯಲ್ಲಿ ನಿಂತು ನೀರು ಹಿಡಿಯುತ್ತಿದ್ದರು. ಯಾರಾದರೂ ಮುಂದೆ ಬಿಡಲು ಬಂದರೆ ಬೇಸರಪಡುತ್ತಿದ್ದರು. ಅವ್ವನ ಹೆಸರು ಕಾಶಮ್ಮ. ಹೃದಯದ ತೊಂದರೆ ಇದ್ದವಳು, ಆದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಯಾರಿಗೆ ಯಾವ ಪಡಸಾಲೆ ಎಂದು ಆ ವರ್ಷ ಚೀಟಿ ಎತ್ತಿದಾಗ ನಮ್ಮ ಮನೆಗೆ ದಕ್ಷಿಣದ ಪಡಸಾಲೆ ಬಂತು.

ದಕ್ಷಿಣದ ತಂಪುಯಂತ್ರ ಹಳೆಯದು. ಹೊರಗೆ ಬಿಸಿಲೇರಿದರೆ ಅದು ಏದುಸಿರು ಬಿಟ್ಟು ಕೂರುತ್ತಿತ್ತು. ದಿನದ ಸರಾಸರಿ ಮೂವತ್ತು ಡಿಗ್ರಿ ದಾಟಬಾರದು ಎಂಬುದು ನಿಯಮ. ಹಾಗಾಗಿ ಯಂತ್ರ ನೋಡಿಕೊಳ್ಳುವವರು ರಾತ್ರಿ ಮತ್ತು ನಸುಕಿನಲ್ಲಿ ಅದನ್ನು ಜೋರಾಗಿ ಓಡಿಸಿ, ಮಧ್ಯಾಹ್ನದ ಕೊರತೆಯನ್ನು ಸರಿದೂಗಿಸುತ್ತಿದ್ದರು. ನಸುಕಿನಲ್ಲಿ ಇಪ್ಪತ್ತೆರಡು, ಮಧ್ಯಾಹ್ನ ಮೂವತ್ತೆಂಟು, ಸಂಜೆ ಮೂವತ್ತೆಂಟು, ರಾತ್ರಿ ಮತ್ತೆ ಇಪ್ಪತ್ತೆರಡು. ನಾಲ್ಕನ್ನೂ ಕೂಡಿಸಿ ಭಾಗಿಸಿದರೆ ಮೂವತ್ತು. ಉತ್ತರದ ಪಡಸಾಲೆಯಲ್ಲಿ ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತೊಂದು, ಇಪ್ಪತ್ತೊಂಬತ್ತು. ಅಲ್ಲಿಯೂ ಮೂವತ್ತೇ. ಮಂಜೂರಾದದ್ದು ಮೂವತ್ತು, ತಲುಪಿದ್ದು ಮೂವತ್ತು. ಅಪ್ಪನ ವರದಿಯಲ್ಲಿ ಎರಡೂ ಪಡಸಾಲೆಗಳ ಮುಂದೆ ವೇರಿಯನ್ಸ್ ಸೊನ್ನೆ ಎಂದಿರುತ್ತಿತ್ತು. ಅದರಲ್ಲಿ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ.

ನಸುಕಿನಲ್ಲಿ ಅವ್ವ ಎರಡು ಕೌದಿ ಹೊದ್ದು ನಡುಗುತ್ತಿದ್ದಳು. ಮುಚ್ಚುಹೊತ್ತಿನಲ್ಲಿ ಒದ್ದೆ ಸೆರಗು ಎದೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿರುತ್ತಿದ್ದಳು. ಅವಳ ಉಸಿರಿನ ಸದ್ದು ಬದಲಾದದ್ದನ್ನು ಗಮನಿಸಿ ನಾನು ಅಪ್ಪನ ಹತ್ತಿರ ಹೋದೆ.

“ಅಪ್ಪಾ, ಅವ್ವನ್ನ ಉತ್ತರದ ಕಡಿ ಕರ್ಕೊಂಡು ಹೋಗೋಣು.”

“ಯಾಕವ್ವ? ಅಲ್ಲೀನೂ ಮೂವತ್ತು, ಇಲ್ಲೀನೂ ಮೂವತ್ತು.”

“ಸರಾಸರಿ ಒಂದ ಅದ ಅಪ್ಪಾ. ಏರಿಳಿತ ಒಂದ ಇಲ್ಲ. ಆಕಿ ಸರಾಸರಿದಾಗ ಕುಂತಿಲ್ಲ, ಮೂವತ್ತೆಂಟರಾಗ ಕುಂತಾಳ.”

ಅಪ್ಪ ಸುತ್ತಲಿನ ಹಾಸಿಗೆಗಳ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ಎರಡೂ ಒಂದ ಅಂತ ಬರದು ಸಹಿ ಹಾಕಿದಾವ ನಾ. ಈಗ ನನ್ನ ಹೇಣ್ತೀನ್ನ ಎಬ್ಬಿಸಿ ಆಕಡಿ ಒಯ್ದರ, ಇಲ್ಲಿ ಉಳದ ಮಂದಿ ಮುಖ ಹ್ಯಾಂಗ ನೋಡ್ಲಿ?”

ಅವ್ವನೂ ಅವರ ಪರವೇ ನಿಂತಳು. “ಬ್ಯಾಡ ಬಿಡವ್ವ ನೀಲಾ. ಇಲ್ಲಿ ನನ್ನ ಗೆಳತ್ಯಾರು ಅದಾರ. ಅಲ್ಲಿ ಯಾರ ಕೂಡ ಮಾತಾಡ್ಲಿ?”

ತಂಪುಮನೆ ನಡೆಸುವ ಮಂಡಳಿಗೂ ನಾನು ಹೋದೆ. ಸರಾಸರಿ ನಿಯಮದೊಳಗೇ ಇದೆ, ದೂರಿಗೆ ಆಧಾರವಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿದರು.

ಅದಾಗಿ ಕೆಲವು ದಿನಗಳಿಗೆ, ಒಂದು ಮುಚ್ಚುಹೊತ್ತಿನಲ್ಲಿ, ಅವ್ವ ಪಕ್ಕದ ಹಾಸಿಗೆಯ ಖಮರ್‌ಬೀ ಜೊತೆ ಮಾತಾಡುತ್ತ ನಡುವೆಯೇ ನಿಲ್ಲಿಸಿದಳು. ನಿದ್ದೆ ಹತ್ತಿರಬೇಕು ಎಂದುಕೊಂಡು ಖಮರ್‌ಬೀ ಬೀಸಣಿಗೆ ಬೀಸುತ್ತಲೇ ಇದ್ದರಂತೆ. ನಾನು ಬಂದಾಗ ಅವ್ವನ ಕೈ ಇನ್ನೂ ಬೆಚ್ಚಗಿತ್ತು. ಆ ಬಿಸಿ ಅವಳದೋ ಪಡಸಾಲೆಯದೋ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಬಾಗಿಲು ತೆರೆಯುವ ತನಕ ಅವಳನ್ನು ಹೊರಗೆ ಒಯ್ಯುವಂತಿರಲಿಲ್ಲ. ಅಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದರು. ಆ ವೈಶಾಖದಲ್ಲಿ ದಕ್ಷಿಣದ ಪಡಸಾಲೆಯಲ್ಲಿ ಇನ್ನೂ ಕೆಲವರು ಹೋದರು, ಎಲ್ಲರೂ ಮಧ್ಯಾಹ್ನದಲ್ಲೇ. ವಿಚಾರಣೆ ನಡೆಯಿತು. ಲೆಕ್ಕದಲ್ಲಿ ತಪ್ಪಿಲ್ಲ ಎಂದು ತೀರ್ಮಾನವಾಯಿತು.

ಅಪ್ಪ ಕೆಲಸ ಬಿಟ್ಟರು. ಮಳೆ ಬಿದ್ದು ಊರು ಮೇಲಕ್ಕೆ ಬಂದ ಮೇಲೆ, ಒಂದು ದಿನ ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹುಡುಗರು ತಿರುಗಿ ತಿರುಗಿ ನೋಡಿದರು. ನಾನು ಅಂದು ಕಲಿಸಬೇಕಿದ್ದದ್ದು ಅದೇ ಪಾಠ. ವೇರಿಯನ್ಸ್ ಎಂಬ ಹೆಸರು ಎರಡು ಬೇರೆ ಬೇರೆ ಸಂಗತಿಗಳಿಗೆ ಇದೆ ಎಂದೆ. ವೆಚ್ಚಲೆಕ್ಕದಲ್ಲಿ ಅದು ನಿಗದಿಗೂ ನಿಜಕ್ಕೂ ಇರುವ ಅಂತರ. ಸಂಖ್ಯಾಶಾಸ್ತ್ರದಲ್ಲಿ ಅದು ಅಂಕಿಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಹಲಗೆಯ ಮೇಲೆ ದಕ್ಷಿಣದ ಪಡಸಾಲೆಯ ನಾಲ್ಕು ಅಂಕಿ ಬರೆದೆ. ಮೂವತ್ತರಿಂದ ಒಂದೊಂದೂ ಎಂಟು ದೂರ. ಎರಡು ಕೆಳಗೆ, ಎರಡು ಮೇಲೆ. ಹಾಗೆಯೇ ಕೂಡಿಸಿದರೆ ಮೇಲಿನದು ಕೆಳಗಿನದನ್ನು ನುಂಗಿ ಸೊನ್ನೆ ಉಳಿಯುತ್ತದೆ, ಅದಕ್ಕೇ ಪ್ರತಿಯೊಂದನ್ನೂ ವರ್ಗ ಮಾಡುತ್ತೇವೆ. ಎಂಟೆಂಟಲೆ ಅರವತ್ತನಾಲ್ಕು, ನಾಲ್ಕು ಸಲ. ಅವುಗಳ ಸರಾಸರಿ ಅರವತ್ತನಾಲ್ಕು, ಅದೇ ವೇರಿಯನ್ಸ್. ಆದರೆ ಅದು ವರ್ಗ ಮಾಡಿದ ಡಿಗ್ರಿ, ಅಂಥ ಬಿಸಿಯನ್ನು ಯಾರೂ ಅನುಭವಿಸುವುದಿಲ್ಲ. ವರ್ಗಮೂಲ ತೆಗೆದರೆ ಮತ್ತೆ ನಮ್ಮ ಡಿಗ್ರಿಗೆ ಬರುತ್ತೇವೆ: ಎಂಟು. ಅದು ಮಾನಕ ವಿಚಲನೆ. ಉತ್ತರದ ಪಡಸಾಲೆಯದನ್ನು ಹುಡುಗರೇ ಮಾಡಿದರು. ಒಂದು ಬಂತು.

ಅಪ್ಪ ಎದ್ದು ನಿಂತರು. ನನ್ನನ್ನು ಮಗಳೆಂದು ಕರೆಯಲಿಲ್ಲ, ತರಗತಿಯ ಮರ್ಯಾದೆ ಕಾಯ್ದರು.

“ಮೇಡಂ, ಅಲ್ಲಿ ಒಂದು, ಇಲ್ಲಿ ಎಂಟು. ಇದನ್ನ ಬರೀಲಾಕ ನಮ್ಮ ವರದಿದಾಗ ಜಾಗಾನೇ ಇರ್ಲಿಲ್ಲಲ್ರೀ?”

“ಇರ್ಲಿಲ್ರಿ,” ಎಂದೆ.

“ಒಂದು ಕಾಲಂ ಸಾಕಾಗತಿತ್ತು,” ಎಂದು ಕೂತರು. ಪಾಠ ಮುಗಿಯುವವರೆಗೆ ತಲೆ ಎತ್ತಲಿಲ್ಲ. ನಾನು ಮುಂದಿನ ಲೆಕ್ಕ ಬರೆದೆ; ಏನು ಬರೆದೆನೋ ನೆನಪಿಲ್ಲ.

ಮರುವರ್ಷ ಅವರಿಗೆ ಉತ್ತರದ ಚೀಟಿ ಬಂತು. ಅವರು ಅದನ್ನು ಒಬ್ಬ ಬಾಣಂತಿಗೆ ಕೊಟ್ಟು ದಕ್ಷಿಣದಲ್ಲೇ ಉಳಿದರು. ಬದುಕಿರುವಷ್ಟು ಕಾಲ ಮಂಡಳಿಗೆ ಅಲೆದರು, ಸರಾಸರಿಯ ಪಕ್ಕದಲ್ಲಿ ವಿಚಲನೆಯನ್ನೂ ಬರೆಯಬೇಕೆಂಬ ಒಂದೇ ಬೇಡಿಕೆ. ನಿಯಮ ಬದಲಾದದ್ದು ಅವರು ತೀರಿಕೊಂಡ ಮೇಲೆ. ಹೊಸ ಯಂತ್ರವೂ ಆಮೇಲೆಯೇ ಬಂತು.

ಇದನ್ನೆಲ್ಲ ನಿಮಗೆ ಬರೆಯಲು ಕಾರಣವಿದೆ. ಅಪ್ಪ ತುಂಬುತ್ತಿದ್ದ ಆ ವರದಿಯ ನಮೂನೆಯನ್ನು ನಮ್ಮವರು ಮಾಡಿದ್ದಲ್ಲ. ನಿಮ್ಮ ಕಾಲದ ಕಚೇರಿಗಳಿಂದ ಕೈಯಿಂದ ಕೈಗೆ ಇಳಿದು ಬಂದದ್ದು. ಯಾರೋ ಒಬ್ಬರು, ಬಹುಶಃ ನಿಮ್ಮ ಹಾಗೆಯೇ ಪರೀಕ್ಷೆ ಪಾಸಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಸರಾಸರಿ ಒಂದೇ ಸಾಕು ಎಂದು ಗೆರೆ ಎಳೆದರು. ಅವರು ಕೆಟ್ಟವರಾಗಿರಲಿಲ್ಲ. ಎದುರಿಗಿದ್ದ ಅಂಕಿಗಳ ಹಿಂದೆ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಾಳೆಂದು ಅವರಿಗೆ ಹೇಳುವವರಿರಲಿಲ್ಲ.

ನಾನು ಹೇಳುತ್ತಿದ್ದೇನೆ. ನಾಳೆ ನೀವೂ ನಮೂನೆಗಳನ್ನು ಮಾಡುವಿರಿ. ಸರಾಸರಿ ಬರೆದ ಕೂಡಲೇ ಪೆನ್ನು ಕೆಳಗಿಡಬೇಡಿ.

ನೀಲಗಂಗಾ