ಸಾರಿಸಿದ ಅಂಗಳ

ಶಿರಸಿ, ೧೨ ಮಾರ್ಚ್ ೧೯೬೪, ಗುರುವಾರ

ಕಾನಸೂರಿನ ಭಾಗೀರಥಕ್ಕನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಪರದೇಶಕ್ಕೆಂದು ನಮ್ಮ ಮಾರಾಟ ಸೊಸೈಟಿಯಿಂದ ಕಳಿಸಿದ ಅವಳ ಕಾಳುಮೆಣಸಿನ ಮಾದರಿ ಮುಂಬಯಿಯಲ್ಲೇ ತಿರಸ್ಕಾರವಾಗಿದೆ. ಕಾರಣ, ಅದರಲ್ಲಿ ಸಗಣಿಯ ಅಂಶ ಸಿಕ್ಕಿದೆಯಂತೆ. ಹತ್ತಾರು ದೇಶದವರು ಯಾವುದೋ ಊರಲ್ಲಿ ಮೇಜಿನ ಸುತ್ತ ಕೂತು ಒಪ್ಪಿಕೊಂಡ ಗುಣಮಟ್ಟವಂತೆ ಇದು. ಇನ್ನು ಸಿಮೆಂಟು ಕಣದಲ್ಲೇ ಒಣಗಿಸಬೇಕು. ಸಿಮೆಂಟಿಗೆ ಪರ್ಮಿಟ್ಟು ಯಾರು ಕೊಡುತ್ತಾರೆಂದು ಬಂದ ಕಾಗದದಲ್ಲಿ ಬರೆದಿಲ್ಲ.

ಇವತ್ತು ಹೋಗಿ ಹೇಳಿದೆ. ಅವಳು ಅಂಗಳದತ್ತ ಕೈ ತೋರಿಸಿದಳು.

"ದೂರ ದೇಶಕ್ಕೆ ಹೋಪದು ಹೇಳಿ ಎರಡೆರಡು ಸಲ ಸಾರ್ಸಿದ್ದಿ ತಮಾ. ನೀನೂ ನೋಡಿದ್ಯಲಾ?"

ನೋಡಿದ್ದೆ. ತಪಾಸಣೆಗೆ ಹೋದವನು ನಾನೇ. ಸಗಣಿ ಸಾರಿಸಿ ಕನ್ನಡಿಯಂತಿದ್ದ ಅಂಗಳ ಕಂಡು, ಇಷ್ಟು ಮಡಿಯಲ್ಲಿ ಯಾರೂ ಒಣಗಿಸುವುದಿಲ್ಲವೆಂದು ಹೊಗಳಿ, ಇಡೀ ಊರಿನ ಪರವಾಗಿ ಅವಳ ಮೆಣಸನ್ನೇ ಮಾದರಿಗೆ ಆರಿಸಿದ್ದೆ. ಈಗ ಎಲ್ಲರ ಮೆಣಸೂ ದಲ್ಲಾಳಿ ಹೇಳಿದ ದರಕ್ಕೆ ಹೋಗುತ್ತದೆ.

"ದೇವರ ಕೋಣೆನೂ ಸಗಣಿಯಲ್ಲೇ ಸಾರ್ಸದು. ಅದು ಹೊಲಸಡಾ?" ಎಂದಳು.

ಬರೆದು ಕೇಳೋಣವೆಂದರೆ ಯಾರಿಗೆ ಬರೆಯುವುದು? ಆ ಮೇಜಿನ ವಿಳಾಸ ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಸಂಜೆ ಮನೆಗೆ ಬಂದರೆ ಹೆಂಡತಿ ಹೊಸ್ತಿಲ ಮುಂದೆ ಸಾರಿಸಿ ರಂಗೋಲಿ ಇಟ್ಟಿದ್ದಳು. ಹುಟ್ಟಿದಾಗಿನಿಂದ ಇಂಥ ನೆಲವನ್ನೇ ತುಳಿದವನು ನಾನು. ಇವತ್ತು ಕಾಲಿಡಲು ಹೇಸಿಗೆಯಾಯಿತು, ದಾಟಿ ಒಳಗೆ ಬಂದೆ.

"ಎಂತಕ್ಕೆ ಹಾರಿದ್ರಿ?" ಎಂದು ಕೇಳಿದಳು. ರಂಗೋಲಿ ಅಳಿಸಬಾರದೆಂದು, ಅಂದೆ. ಅವಳು ನಂಬಿ ನಕ್ಕಳು.